ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್: ವರ್ತಕರು ಹಾಗೂ ಸಣ್ಣ ಉದ್ದಿಮೆದಾರರಿಗೆ ಒಂದು ಅಭ್ಯಾಸ ಪಾಠ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. 2015ರಲ್ಲಿ ಬಿಡುಗಡೆಯಾಗಿ ಹತ್ತು ವರ್ಷಗಳ ಕಾಲ ಬಳಕೆಯಲ್ಲಿದ್ದ ಈ ವ್ಯವಸ್ಥೆಯನ್ನು ನಂಬಿ ಅಸಂಖ್ಯ ಅಂಗಡಿ, ಮಂಡಿ, ಕಾರ್ಖಾನೆಗಳ ಲೆಕ್ಕಪತ್ರ ನಡೆದಿದೆ. ಬೆಂಬಲ ನಿಂತ ಮಾತ್ರಕ್ಕೆ ಲ್ಯಾಪ್‌ಟಾಪ್ ಸ್ಥಗಿತಗೊಳ್ಳುವುದಿಲ್ಲ. ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳಿಗೆ ಪರಿಹಾರ ದೊರೆಯುವುದಿಲ್ಲ. ಹೆಚ್ಚುವರಿ ಭದ್ರತಾ ಪರಿಷ್ಕರಣೆಗಳನ್ನು ಪ್ರತ್ಯೇಕವಾಗಿ ಪಡೆಯುವ ಏರ್ಪಾಡು ಇದ್ದರೂ ಅದು ಸೀಮಿತ ಅವಧಿಯದು. ವ್ಯಾಪಾರ ಸಂಸ್ಥೆಗಳು ಅದಕ್ಕೆ ಶುಲ್ಕ ತೆರಬೇಕು. ಬ್ಯಾಂಕ್ ವ್ಯವಹಾರ, ಜಿಎಸ್‌ಟಿ ಲೆಕ್ಕ ಹಾಗೂ ಗ್ರಾಹಕರ ವಿವರಗಳೆಲ್ಲ ಇರುವ ಯಂತ್ರವನ್ನು ರಕ್ಷಣೆಯಿಲ್ಲದೆ ಅಂತರಜಾಲಕ್ಕೆ ಜೋಡಿಸಿಡುವುದು ಅಂಗಡಿಯ ಬಾಗಿಲಿಗೆ ಬೀಗ ಹಾಕದೆ ಮನೆಗೆ ಹೋದಂತೆ.

ವಿಂಡೋಸ್ 11ಕ್ಕೆ ಬಡ್ತಿ ಪಡೆಯುವುದು ಎಲ್ಲ ಯಂತ್ರಗಳಿಗೂ ಸಾಧ್ಯವಿಲ್ಲ. ಟಿಪಿಎಂ 2.0 ಎಂಬ ಭದ್ರತಾ ಅಂಗ, ಸೆಕ್ಯೂರ್ ಬೂಟ್ ಸೌಲಭ್ಯ ಹಾಗೂ ಅಧಿಕೃತ ಪಟ್ಟಿಯಲ್ಲಿರುವ ಪ್ರೊಸೆಸರ್, ಈ ಮೂರೂ ಇರಬೇಕೆಂಬುದು ಅದರ ನಿಯಮ. ಇಂಟೆಲ್ ಪ್ರೊಸೆಸರುಗಳ ಪೈಕಿ ಬಹುಮಟ್ಟಿಗೆ 8ನೇ ತಲೆಮಾರು ಹಾಗೂ ನಂತರದವು ಮಾತ್ರ ಈ ಪಟ್ಟಿಯಲ್ಲಿವೆ. ಹೀಗಾಗಿ 2017ಕ್ಕಿಂತ ಮೊದಲು ಖರೀದಿಸಿದ, ಯಂತ್ರಾಂಶದಲ್ಲಿ ಯಾವ ದೋಷವೂ ಇಲ್ಲದ ಲ್ಯಾಪ್‌ಟಾಪ್‌ಗಳು ಕೇವಲ ತಂತ್ರಾಂಶದ ಕಾರಣದಿಂದ ಮೂಲೆ ಸೇರುವ ಸ್ಥಿತಿ ಬಂದಿದೆ. ಇಂತಹ ಯಂತ್ರಗಳನ್ನು ಇನ್ನೂ ಕೆಲವು ವರ್ಷ ದುಡಿಸಿಕೊಳ್ಳಲು ಇರುವ ಮಾರ್ಗಗಳಲ್ಲಿ ಲಿನಕ್ಸ್ ಅಳವಡಿಕೆ ಪ್ರಮುಖವಾದುದು. ಅದರ ಕ್ರಮ, ಅನುಕೂಲ ಹಾಗೂ ಮಿತಿಗಳನ್ನು ಈ ಲೇಖನದಲ್ಲಿ ಹಂತಹಂತವಾಗಿ ವಿವರಿಸಲಾಗಿದೆ.

ಲಿನಕ್ಸ್ ಎಂದರೇನು?

1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಅವರು ಮುಕ್ತ ತಂತ್ರಾಂಶಗಳನ್ನು ರೂಪಿಸುವ ಗ್ನೂ ಯೋಜನೆಯನ್ನು ಪ್ರಕಟಿಸಿದರು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಅವರು ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್ ಭಾಗವನ್ನು ಬರೆದು ಬಿಡುಗಡೆ ಮಾಡಿದರು. ಇವೆರಡೂ ಕೂಡಿ ಬೆಳೆದ ವ್ಯವಸ್ಥೆಯನ್ನೇ ಸಾಮಾನ್ಯವಾಗಿ ಲಿನಕ್ಸ್ ಎಂದು ಕರೆಯಲಾಗುತ್ತದೆ. ಆಂಡ್ರಾಯ್ಡ್ ಫೋನುಗಳ ಒಳಗಿರುವುದೂ ಲಿನಕ್ಸ್ ಕರ್ನೆಲ್ಲೇ ಆದ್ದರಿಂದ, ವರ್ತಕರ ಕಿಸೆಯಲ್ಲಿ ಇದು ಬಹುಕಾಲದಿಂದ ಇದ್ದೇ ಇದೆ.

ಲಿನಕ್ಸನ್ನು ಬೇರೆ ಬೇರೆ ತಂಡಗಳು ತಂತಮ್ಮ ರೀತಿಯಲ್ಲಿ ಸಿದ್ಧಪಡಿಸಿ ಹಂಚುತ್ತವೆ. 1993ರಲ್ಲಿ ಆರಂಭವಾದ ಡೆಬಿಯನ್, 2004ರಲ್ಲಿ ಬಂದ ಉಬುಂಟು, 2006ರಲ್ಲಿ ಬಂದ ಲಿನಕ್ಸ್ ಮಿಂಟ್ ಇವುಗಳಲ್ಲಿ ಮುಖ್ಯವಾದವು. ಭಾರತದಲ್ಲಿ ಸಿ-ಡ್ಯಾಕ್ ಸಂಸ್ಥೆಯು ಡೆಬಿಯನ್ ಆಧಾರದ ಮೇಲೆ ಬಾಸ್ ಎಂಬ ವ್ಯವಸ್ಥೆಯನ್ನು ರೂಪಿಸಿದೆ. ವಿಂಡೋಸ್ ಬಳಸಿ ರೂಢಿಯಾದವರಿಗೆ ಲಿನಕ್ಸ್ ಮಿಂಟ್ ಹೆಚ್ಚು ಹತ್ತಿರವೆನಿಸುತ್ತದೆ. ಕೆಳಗಿನ ಪಟ್ಟಿ, ಎಡ ಮೂಲೆಯ ಮೆನು, ಬಲ ಮೂಲೆಯ ಗಡಿಯಾರ ಇವೆಲ್ಲ ಪರಿಚಿತ ಸ್ಥಳಗಳಲ್ಲೇ ಇರುತ್ತವೆ. ಆದ್ದರಿಂದ ಈ ಪಾಠಕ್ಕೆ ಅದನ್ನೇ ಆರಿಸಿಕೊಳ್ಳಲಾಗಿದೆ. 2024ರಲ್ಲಿ ಬಿಡುಗಡೆಯಾದ ಮಿಂಟ್ 22ನೇ ಸರಣಿಯು ಉಬುಂಟು 24.04 ಆವೃತ್ತಿಯನ್ನು ಆಧರಿಸಿದ್ದು, 2029ರವರೆಗೆ ಭದ್ರತಾ ಪರಿಷ್ಕರಣೆಗಳನ್ನು ಪಡೆಯಲಿದೆ.

ಕಾನೂನಿನ ದೃಷ್ಟಿಯಿಂದ

ಪರವಾನಗಿಯಿಲ್ಲದ ತಂತ್ರಾಂಶದ ಬಳಕೆಯನ್ನು ಕೆಲವರು ಚಿಕ್ಕ ವಿಷಯವೆಂದು ಭಾವಿಸುವುದುಂಟು. 1957ರ ಕೃತಿಸ್ವಾಮ್ಯ ಅಧಿನಿಯಮದ 63ಬಿ ಪ್ರಕರಣದಂತೆ, ಅಕ್ರಮ ಪ್ರತಿಯೆಂದು ತಿಳಿದೂ ತಂತ್ರಾಂಶವನ್ನು ಗಣಕದಲ್ಲಿ ಬಳಸಿದವರಿಗೆ 7 ದಿನಗಳಿಗೆ ಕಡಿಮೆಯಿಲ್ಲದ, 3 ವರ್ಷಗಳವರೆಗೆ ವಿಸ್ತರಿಸಬಹುದಾದ ಕಾರಾಗೃಹ ವಾಸ ಮತ್ತು 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ವ್ಯಾಪಾರ ಅಥವಾ ಲಾಭದ ಉದ್ದೇಶವಿಲ್ಲದೆ ಬಳಸಿದವರಿಗೆ ನ್ಯಾಯಾಲಯವು ರಿಯಾಯಿತಿ ತೋರಬಹುದು. ವ್ಯಾಪಾರಕ್ಕಾಗಿ ಬಳಸಿದವರಿಗೆ ಆ ರಿಯಾಯಿತಿ ಅನ್ವಯಿಸದು.

ಲಿನಕ್ಸ್ ಕರ್ನೆಲ್ ಹಾಗೂ ಅದರೊಡನೆ ಬರುವ ಬಹುಪಾಲು ತಂತ್ರಾಂಶಗಳು ಮುಕ್ತ ಪರವಾನಗಿಗಳ ಅಡಿಯಲ್ಲಿವೆ. ಒಂದೇ ಪೆನ್‌ಡ್ರೈವಿನಿಂದ ಎಷ್ಟು ಯಂತ್ರಗಳಿಗೆ ಬೇಕಾದರೂ ಅಳವಡಿಸಬಹುದು, ವ್ಯಾಪಾರಕ್ಕೂ ಬಳಸಬಹುದು, ಪಕ್ಕದ ಅಂಗಡಿಯವರಿಗೂ ಕೊಡಬಹುದು. ಇವೆಲ್ಲವೂ ಕಾನೂನುಬದ್ಧವೇ.

ಯಾವ ಯಂತ್ರಕ್ಕೆ ಸೂಕ್ತ, ಯಾವುದಕ್ಕೆ ಅಲ್ಲ?

ಒಂದು ಸಣ್ಣ ತಯಾರಿಕಾ ಘಟಕದಲ್ಲಿ ಮೂರು ಹಳೆಯ ಲ್ಯಾಪ್‌ಟಾಪ್‌ಗಳಿವೆ ಎಂದು ಭಾವಿಸಬಹುದು. ಮೊದಲನೆಯದು ಲೆಕ್ಕಪತ್ರ ವಿಭಾಗದ್ದು. ಅದರಲ್ಲಿ ಟ್ಯಾಲಿ ಹಾಗೂ ಡಿಜಿಟಲ್ ಸಹಿಯ ಟೋಕನ್ ಬಳಕೆಯಾಗುತ್ತದೆ. ಎರಡನೆಯದು ಉಗ್ರಾಣದ್ದು; ಸರಕಿನ ಪಟ್ಟಿ, ರವಾನೆ ಚೀಟಿ ಹಾಗೂ ಇ-ಮೇಲ್ ಅದರ ಕೆಲಸ. ಮೂರನೆಯದು ಮಾಲೀಕರ ಮೇಜಿನದು. ಪತ್ರ ವ್ಯವಹಾರ, ದರಪಟ್ಟಿ, ಬ್ಯಾಂಕಿನ ತಾಣ ಹಾಗೂ ವಾಟ್ಸಾಪ್ ಅದರಲ್ಲಿ ನಡೆಯುತ್ತವೆ.

ಈ ಪೈಕಿ ಎರಡನೆಯ ಹಾಗೂ ಮೂರನೆಯ ಯಂತ್ರಗಳನ್ನು ನಿಶ್ಚಿಂತೆಯಿಂದ ಲಿನಕ್ಸ್‌ಗೆ ಬದಲಾಯಿಸಬಹುದು. ಬ್ರೌಸರ್, ಇ-ಮೇಲ್, ಲೆಕ್ಕದ ಹಾಳೆ, ಪತ್ರ ಮುದ್ರಣ ಇವಿಷ್ಟೇ ಅಲ್ಲಿನ ಅಗತ್ಯ. ಮೊದಲನೆಯದರ ವಿಷಯ ಬೇರೆ. ಟ್ಯಾಲಿ ತಂತ್ರಾಂಶವು ವಿಂಡೋಸ್‌ಗಾಗಿ ಸಿದ್ಧಪಡಿಸಿದ್ದು. ವೈನ್ ಎಂಬ ಸಾಧನದ ಮೂಲಕ ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ಚಲಾಯಿಸುವ ಪ್ರಯತ್ನಗಳು ನಡೆಯುತ್ತವೆಯಾದರೂ, ಸಂಸ್ಥೆಯ ಅಧಿಕೃತ ಲೆಕ್ಕಪುಸ್ತಕಗಳನ್ನು ಅಂತಹ ಏರ್ಪಾಡಿಗೆ ಒಪ್ಪಿಸುವುದು ವಿವೇಕವಲ್ಲ. ಆದ್ದರಿಂದ ಎರಡು ಯಂತ್ರಗಳನ್ನು ಲಿನಕ್ಸ್‌ಗೆ ಬದಲಾಯಿಸಿ, ಲೆಕ್ಕಪತ್ರಕ್ಕೆ ಮಾತ್ರ ಬೆಂಬಲವಿರುವ ವಿಂಡೋಸ್‌ನ ಒಂದು ಯಂತ್ರವನ್ನು ಉಳಿಸಿಕೊಳ್ಳುವುದು ಇಂತಹ ಘಟಕಕ್ಕೆ ಸರಿಯಾದ ತೀರ್ಮಾನ. ಮೂರು ಹೊಸ ಯಂತ್ರ ಕೊಳ್ಳಬೇಕಾದಲ್ಲಿ ಒಂದು ಸಾಕಾಗುತ್ತದೆ.

ಯಂತ್ರಾಂಶದ ಮಟ್ಟಿಗೆ ಮಿಂಟ್‌ಗೆ ಕನಿಷ್ಠ 2 ಜಿಬಿ ರ‍್ಯಾಮ್ ಹಾಗೂ 20 ಜಿಬಿ ಡಿಸ್ಕ್ ಜಾಗ ಬೇಕು; ಸಲೀಸಾದ ಬಳಕೆಗೆ 4 ಜಿಬಿ ರ‍್ಯಾಮ್ ಹಾಗೂ 100 ಜಿಬಿ ಜಾಗವಿರುವುದು ಒಳ್ಳೆಯದು. ಪ್ರೊಸೆಸರ್ 64 ಬಿಟ್‌ನದಾಗಿರಬೇಕು. ಮಿಂಟ್‌ನ ಮೂರು ರೂಪಗಳಲ್ಲಿ ಸಿನಮನ್ ಹೆಚ್ಚು ಸೌಲಭ್ಯಗಳುಳ್ಳದ್ದು, ಎಕ್ಸ್‌ಎಫ್‌ಸಿಇ ಹಗುರವಾದುದು, ಮಾಟೆ ಇವೆರಡರ ನಡುವಿನದು. ರ‍್ಯಾಮ್ 4 ಜಿಬಿ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಎಕ್ಸ್‌ಎಫ್‌ಸಿಇ ಆರಿಸುವುದು ಲೇಸು. ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕ್ ಇದ್ದಲ್ಲಿ, ಅದರ ಬದಲು 256 ಜಿಬಿಯ ಎಸ್‌ಎಸ್‌ಡಿ ಹಾಕಿಸಿದರೆ ಯಂತ್ರದ ವೇಗ ಬಹಳ ಹೆಚ್ಚುತ್ತದೆ. ತೆಗೆದಿಟ್ಟ ಹಳೆಯ ಡಿಸ್ಕ್ ತಾನಾಗಿಯೇ ಹಳೆಯ ಕಡತಗಳ ಪೂರ್ಣ ಪ್ರತಿಯಾಗಿ ಉಳಿಯುವುದು ಇದರ ಇನ್ನೊಂದು ಲಾಭ.

ಮೊದಲನೆಯ ಹಂತ: ದಾಖಲೆಗಳ ರಕ್ಷಣೆ

ಇಡೀ ಕಾರ್ಯದಲ್ಲಿ ಸರಿಪಡಿಸಲಾಗದ ನಷ್ಟ ಸಂಭವಿಸುವುದು ಈ ಹಂತದ ಅಲಕ್ಷ್ಯದಿಂದ ಮಾತ್ರ. ಕೇಂದ್ರ ಜಿಎಸ್‌ಟಿ ಅಧಿನಿಯಮದ 36ನೇ ಪ್ರಕರಣದಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಕಂಪನಿಗಳ ಲೆಕ್ಕಪುಸ್ತಕಗಳಿಗೆ ಕಂಪನಿ ಅಧಿನಿಯಮವು 8 ಹಣಕಾಸು ವರ್ಷಗಳ ಅವಧಿ ಗೊತ್ತುಪಡಿಸಿದೆ. ಡಿಸ್ಕ್ ಅಳಿಸಿಹೋಯಿತೆಂಬ ಉತ್ತರವನ್ನು ಅಧಿಕಾರಿಗಳು ಒಪ್ಪುವುದಿಲ್ಲ. ಆದ್ದರಿಂದ ಕೆಳಗಿನವನ್ನು ತಪ್ಪದೆ ಪಾಲಿಸಬೇಕು.

1. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಮತ್ತು ಡೌನ್‌ಲೋಡ್ಸ್ ಜೊತೆಗೆ ಲೆಕ್ಕಪತ್ರ ತಂತ್ರಾಂಶದ ದತ್ತಾಂಶ ಕಡತಕೋಶವನ್ನೂ ಹೊರಗಿನ ಡಿಸ್ಕಿಗೆ ನಕಲಿಸಬೇಕು. ಕಡತಕೋಶ ಎಲ್ಲಿದೆಯೆಂಬುದನ್ನು ತಂತ್ರಾಂಶದಲ್ಲೇ ನೋಡಿ ಖಚಿತಪಡಿಸಿಕೊಳ್ಳಬೇಕು.

2. ಡಿ ಡ್ರೈವ್‌ನಲ್ಲಿ ಇಟ್ಟದ್ದು ಸುರಕ್ಷಿತವೆಂಬ ನಂಬಿಕೆ ಬಹಳ ಜನರಲ್ಲಿದೆ. ಸಿ ಮತ್ತು ಡಿ ಎರಡೂ ಸಾಮಾನ್ಯವಾಗಿ ಒಂದೇ ಡಿಸ್ಕಿನ ಭಾಗಗಳು. ಡಿಸ್ಕನ್ನು ಪೂರ್ಣ ಅಳಿಸುವ ಆಯ್ಕೆ ಒತ್ತಿದರೆ ಎರಡೂ ಒಟ್ಟಿಗೆ ಹೋಗುತ್ತವೆ.

3. ಬ್ರೌಸರಿನಲ್ಲಿ ಉಳಿಸಿದ ಗುಪ್ತಪದಗಳು, ಇ-ಮೇಲ್ ಪೆಟ್ಟಿಗೆ, ವಿಳಾಸ ಪುಸ್ತಕ ಇವುಗಳನ್ನು ಪ್ರತ್ಯೇಕವಾಗಿ ರಫ್ತು ಮಾಡಿಕೊಳ್ಳಬೇಕು.

4. ನಕಲಿಸಿದ ಡಿಸ್ಕನ್ನು ಇನ್ನೊಂದು ಗಣಕಕ್ಕೆ ಜೋಡಿಸಿ, ಕನಿಷ್ಠ ಹತ್ತು ಕಡತಗಳನ್ನು ತೆರೆದು ನೋಡಬೇಕು. ಲೆಕ್ಕಪತ್ರ ದತ್ತಾಂಶವನ್ನು ಆ ಗಣಕದ ತಂತ್ರಾಂಶದಲ್ಲಿ ತೆರೆದು, ಕಳೆದ ವರ್ಷದ ಆಖೈರು ಶಿಲ್ಕು ಸರಿಯಾಗಿ ಕಾಣುತ್ತದೆಯೇ ಎಂದು ಪರಿಶೀಲಿಸಬೇಕು. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ಪರಿಗಣಿಸಬಾರದು.

5. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಗೂಢಲಿಪಿ ಚಾಲನೆಯಲ್ಲಿದ್ದರೆ ಅದರ 48 ಅಂಕಿಗಳ ಮರುಪಡೆಯುವ ಕೀಲಿಯನ್ನು ಕಾಗದದಲ್ಲಿ ಬರೆದಿಡಬೇಕು. ಬೂಟ್ ವ್ಯವಸ್ಥೆಯಲ್ಲಿ ಬದಲಾವಣೆ ಮಾಡಿದಾಗ ವಿಂಡೋಸ್ ಅದನ್ನು ಕೇಳಬಹುದು.

ತಿಂಗಳ ಕೊನೆಯ ವಾರ, ರಿಟರ್ನ್ ಸಲ್ಲಿಕೆಯ ದಿನಗಳು ಹಾಗೂ ಮಾರ್ಚ್ ತಿಂಗಳಲ್ಲಿ ಈ ಕಾರ್ಯಕ್ಕೆ ಕೈಹಾಕಬಾರದು.

ಎರಡನೆಯ ಹಂತ: ಪೆನ್‌ಡ್ರೈವ್ ಸಿದ್ಧತೆ

ಲಿನಕ್ಸ್ ಮಿಂಟ್‌ನ ಅಧಿಕೃತ ತಾಣದಿಂದ ಐಎಸ್‌ಒ ಎಂಬ ಏಕಕಡತವನ್ನು ಇಳಿಸಿಕೊಳ್ಳಬೇಕು. ಇದರ ಗಾತ್ರ 3 ಜಿಬಿಯ ಆಸುಪಾಸಿನಲ್ಲಿರುತ್ತದೆ. ಬೇರೆ ತಾಣಗಳಿಂದ ಅಥವಾ ಪರಿಚಯಸ್ಥರು ಕೊಟ್ಟ ಪ್ರತಿಯಿಂದ ಅಳವಡಿಸುವುದಾದರೆ ಅದು ಅಸಲಿಯೆಂದು ಮೊದಲು ದೃಢಪಡಿಸಿಕೊಳ್ಳಬೇಕು. ಪ್ರತಿ ಕಡತಕ್ಕೂ ಎಸ್‌ಎಚ್‌ಎ-256 ಎಂಬ ಲೆಕ್ಕಾಚಾರದಿಂದ ಹೊರಡುವ, 64 ಅಕ್ಷರ ಹಾಗೂ ಅಂಕಿಗಳ ತಾಳೆಸಂಖ್ಯೆ ಇರುತ್ತದೆ. ಇಳಿಸಿಕೊಂಡ ಕಡತದಿಂದ ಬರುವ ಸಂಖ್ಯೆಯು ಅಧಿಕೃತ ತಾಣದಲ್ಲಿ ಪ್ರಕಟಿಸಿದ ಸಂಖ್ಯೆಯೊಡನೆ ತಾಳೆಯಾದರೆ ಕಡತ ಪೂರ್ಣವಾಗಿಯೂ ಅಸಲಿಯಾಗಿಯೂ ಇದೆಯೆಂದರ್ಥ. ಒಂದಕ್ಷರ ವ್ಯತ್ಯಾಸವಾದರೂ ಆ ಕಡತವನ್ನು ಕೈಬಿಡಬೇಕು.

ನಂತರ ರೂಫಸ್ ಅಥವಾ ಬಲೆನಾ ಎಚರ್ ಎಂಬ ಉಚಿತ ತಂತ್ರಾಂಶದಿಂದ 8 ಜಿಬಿಯ ಪೆನ್‌ಡ್ರೈವಿಗೆ ಈ ಕಡತವನ್ನು ಬರೆಯಬೇಕು. ಸಾಮಾನ್ಯ ಕಡತದಂತೆ ನಕಲಿಸಿದರೆ ಯಂತ್ರ ಅದರಿಂದ ಚಾಲನೆಗೊಳ್ಳುವುದಿಲ್ಲ. ಪೆನ್‌ಡ್ರೈವಿನಲ್ಲಿ ಮೊದಲೇ ಇದ್ದ ಎಲ್ಲವೂ ಅಳಿಸಿಹೋಗುತ್ತದೆಂಬುದನ್ನು ಮರೆಯಬಾರದು.

ಮೂರನೆಯ ಹಂತ: ಅಳವಡಿಸುವ ಮುನ್ನ ಪರೀಕ್ಷೆ

ಲಿನಕ್ಸ್‌ನ ಒಂದು ವಿಶೇಷ ಅನುಕೂಲವೆಂದರೆ, ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವಿನಿಂದಲೇ ಅದನ್ನು ನಡೆಸಿ ನೋಡಬಹುದು. ಪೆನ್‌ಡ್ರೈವ್ ಜೋಡಿಸಿ ಲ್ಯಾಪ್‌ಟಾಪ್ ಚಾಲೂ ಮಾಡಿದ ಕೂಡಲೇ ಬೂಟ್ ಮೆನುವಿನ ಕೀಲಿಯನ್ನು ಒತ್ತಬೇಕು. ಡೆಲ್ ಹಾಗೂ ಲೆನೊವೊ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್ ಕೀಲಿ ಇದಕ್ಕೆ ಬಳಕೆಯಾಗುತ್ತದೆ. ಬರುವ ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿದರೆ ಕೆಲವು ನಿಮಿಷಗಳಲ್ಲಿ ಮಿಂಟ್‌ನ ಪರದೆ ತೆರೆದುಕೊಳ್ಳುತ್ತದೆ.

ಇಲ್ಲಿ ಅರ್ಧ ಗಂಟೆ ವ್ಯಯಿಸಿದರೆ ಮುಂದಿನ ಅನೇಕ ತೊಂದರೆಗಳು ತಪ್ಪುತ್ತವೆ. ವೈ-ಫೈ, ಧ್ವನಿ, ಕ್ಯಾಮೆರಾ, ಟಚ್‌ಪ್ಯಾಡ್, ಪರದೆಯ ಬೆಳಕಿನ ಏರಿಳಿತ, ಮುಚ್ಚಳ ಮುಚ್ಚಿ ತೆರೆದಾಗ ಯಂತ್ರ ಎಚ್ಚೆತ್ತುಕೊಳ್ಳುವುದು ಇವನ್ನೆಲ್ಲ ಒಂದೊಂದಾಗಿ ಪರೀಕ್ಷಿಸಬೇಕು. ಕೆಲವು ಹಳೆಯ ವೈ-ಫೈ ಚಿಪ್ಪುಗಳಿಗೆ ಪ್ರತ್ಯೇಕ ಚಾಲಕ ತಂತ್ರಾಂಶ ಬೇಕಾಗುತ್ತದೆ. ಆಗ ಮೊಬೈಲ್ ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ, ಫೋನಿನ ಟೆದರಿಂಗ್ ಸೌಲಭ್ಯದಿಂದ ಅಂತರಜಾಲ ಪಡೆದು ಚಾಲಕವನ್ನು ಇಳಿಸಿಕೊಳ್ಳಬಹುದು.

ಮುದ್ರಕದ ಪರೀಕ್ಷೆ ಅತಿ ಮುಖ್ಯ. ಇತ್ತೀಚಿನ ಜಾಲಸಂಪರ್ಕವುಳ್ಳ ಮುದ್ರಕಗಳು ಬಹುಮಟ್ಟಿಗೆ ಚಾಲಕವಿಲ್ಲದೆಯೇ ಕೆಲಸ ಮಾಡುತ್ತವೆ. ತಮ್ಮದೇ ಆದ ವಿಶೇಷ ಭಾಷೆಯನ್ನು ಮಾತ್ರ ಗ್ರಹಿಸುವ ಕೆಲವು ಅಗ್ಗದ ಲೇಸರ್ ಮುದ್ರಕಗಳು ಲಿನಕ್ಸ್‌ನಲ್ಲಿ ಸತಾಯಿಸುತ್ತವೆ. ಬಿಲ್ಲು ಮುದ್ರಿಸುವ ಥರ್ಮಲ್ ಮುದ್ರಕಗಳ ವಿಷಯದಲ್ಲಿ, ಆಯಾ ಮಾದರಿಗೆ ಲಿನಕ್ಸ್ ಚಾಲಕ ಇದೆಯೇ ಎಂದು ಮಾರಾಟಗಾರರಿಂದ ತಿಳಿಯಬೇಕು. ಯುಎಸ್‌ಬಿ ಬಾರ್‌ಕೋಡ್ ಓದುಗಗಳು ಸಾಮಾನ್ಯವಾಗಿ ಕೀಲಿಮಣೆಯಂತೆಯೇ ವರ್ತಿಸುವುದರಿಂದ ಅವುಗಳಿಗೆ ಯಾವ ತೊಡಕೂ ಇರುವುದಿಲ್ಲ.

ನಾಲ್ಕನೆಯ ಹಂತ: ಅಳವಡಿಕೆ

ಪರೀಕ್ಷೆ ತೃಪ್ತಿಕರವಾದರೆ ಪರದೆಯ ಮೇಲಿರುವ ಅಳವಡಿಕೆಯ ಚಿಹ್ನೆಯನ್ನು ಒತ್ತಬೇಕು. ಲ್ಯಾಪ್‌ಟಾಪ್ ಚಾರ್ಜರಿಗೆ ಜೋಡಿಸಿರುವುದು ಕಡ್ಡಾಯ. ಭಾಷೆ, ಕೀಲಿಮಣೆ ಹಾಗೂ ಧ್ವನಿ-ಚಿತ್ರ ಕಡತಗಳಿಗೆ ಬೇಕಾದ ಪೂರಕಗಳ ಬಗ್ಗೆ ಪ್ರಶ್ನೆಗಳು ಬರುತ್ತವೆ. ನಂತರ ಬರುವ ಪ್ರಶ್ನೆಯೇ ನಿರ್ಣಾಯಕ: ಲಿನಕ್ಸನ್ನು ಎಲ್ಲಿ ಅಳವಡಿಸಬೇಕು?

ವಿಂಡೋಸ್ ಜೊತೆಯಲ್ಲಿ: ಒಂದೇ ಡಿಸ್ಕಿನಲ್ಲಿ ಎರಡೂ ವ್ಯವಸ್ಥೆಗಳು ಉಳಿಯುತ್ತವೆ, ಯಂತ್ರ ಚಾಲೂ ಮಾಡುವಾಗ ಬೇಕಾದುದನ್ನು ಆರಿಸಬಹುದು. ಹೊಸಬರಿಗೆ ಮೊದಲ ಕೆಲವು ತಿಂಗಳು ಇದು ಕ್ಷೇಮ. ಇದಕ್ಕೆ ಮುನ್ನ ವಿಂಡೋಸ್‌ನೊಳಗೆ ಫಾಸ್ಟ್ ಸ್ಟಾರ್ಟಪ್ ಸೌಲಭ್ಯವನ್ನು ನಿಲ್ಲಿಸಿ, ಯಂತ್ರವನ್ನು ಪೂರ್ಣವಾಗಿ ಸ್ಥಗಿತಗೊಳಿಸಬೇಕು. ಇಲ್ಲವಾದರೆ ವಿಂಡೋಸ್ ತನ್ನ ಡಿಸ್ಕನ್ನು ಅರೆನಿದ್ರೆಯಲ್ಲಿ ಬಿಟ್ಟಿರುತ್ತದೆ. ಲಿನಕ್ಸ್‌ನಿಂದ ಅದಕ್ಕೆ ಬರೆದರೆ ಕಡತಗಳು ಕೆಡುವ ಸಂಭವವುಂಟು.

ಡಿಸ್ಕನ್ನು ಪೂರ್ಣ ಅಳಿಸಿ: ಹಳೆಯದೆಲ್ಲ ಹೋಗಿ ಲಿನಕ್ಸ್ ಒಂದೇ ಉಳಿಯುತ್ತದೆ. ಮೊದಲ ಹಂತವನ್ನು ಪೂರ್ಣಗೊಳಿಸದವರು ಇದನ್ನು ಒತ್ತಲೇಬಾರದು.

ಸ್ವಂತ ಹಂಚಿಕೆ: ಡಿಸ್ಕಿನ ಭಾಗಗಳನ್ನು ಬಳಕೆದಾರರೇ ನಿಗದಿಪಡಿಸುವ ವಿಧಾನವಿದು. 256 ಜಿಬಿಯ ಎಸ್‌ಎಸ್‌ಡಿಯಲ್ಲಿ ಬೂಟ್ ಭಾಗಕ್ಕೆ 512 ಎಂಬಿ, ವ್ಯವಸ್ಥೆಗೆ 50 ಜಿಬಿ, ಉಳಿದುದನ್ನು ಹೋಮ್ ಎಂಬ ಬಳಕೆದಾರರ ಭಾಗಕ್ಕೆ ಕೊಡಬಹುದು. ಮುಂದೆ ವ್ಯವಸ್ಥೆಯನ್ನು ಮರುಅಳವಡಿಸುವಾಗ, ಹೋಮ್ ಭಾಗವನ್ನು ಅಳಿಸದೆ ಬಿಡುವಂತೆ ಸೂಚಿಸಿದರೆ ಕಡತಗಳು ಇದ್ದಲ್ಲಿಯೇ ಉಳಿಯುತ್ತವೆ.

ಅಳವಡಿಕೆಯ ತಂತ್ರಾಂಶಕ್ಕೆ ಡಿಸ್ಕೇ ಕಾಣದ ಪ್ರಸಂಗವೂ ಉಂಟು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಬಯಾಸ್ ಒಳಗೆ ಡಿಸ್ಕನ್ನು ರೇಡ್ ಅಥವಾ ಇಂಟೆಲ್ ಆರ್‌ಎಸ್‌ಟಿ ವಿಧಾನದಲ್ಲಿ ಇಟ್ಟಿರುವುದೇ ಇದಕ್ಕೆ ಕಾರಣ. ಅದನ್ನು ಎಎಚ್‌ಸಿಐ ವಿಧಾನಕ್ಕೆ ಬದಲಾಯಿಸಿದರೆ ಡಿಸ್ಕ್ ಕಾಣಿಸುತ್ತದೆ. ಆದರೆ ವಿಂಡೋಸನ್ನೂ ಉಳಿಸಿಕೊಳ್ಳುವುದಿದ್ದರೆ ಈ ಬದಲಾವಣೆಯಿಂದ ಅದು ಚಾಲೂ ಆಗದೆ ನಿಲ್ಲಬಹುದಾದ್ದರಿಂದ, ತಿಳಿದವರ ನೆರವು ಪಡೆಯುವುದು ಒಳಿತು.

ಹೊರಗೆ ಒಯ್ಯುವ ಲ್ಯಾಪ್‌ಟಾಪ್ ಆಗಿದ್ದರೆ ಡಿಸ್ಕನ್ನು ಗೂಢಲಿಪಿಗೊಳಿಸುವ ಆಯ್ಕೆಯನ್ನು ಬಳಸಬಹುದು. ಯಂತ್ರ ಕಳುವಾದರೂ ಗ್ರಾಹಕರ ವಿವರಗಳು ಪರರ ಕೈಸೇರವು. ಆದರೆ ಗೂಢಪದ ಮರೆತರೆ ಮಾಲೀಕರಿಗೂ ಕಡತಗಳು ಸಿಗುವುದಿಲ್ಲ. ಆದ್ದರಿಂದ ಅದನ್ನು ಬರೆದು ಮುಚ್ಚಿದ ಲಕೋಟೆಯಲ್ಲಿ ತಿಜೋರಿಯಲ್ಲಿ ಇಡತಕ್ಕದ್ದು.

ಕೊನೆಯಲ್ಲಿ ಕಾಲವಲಯವನ್ನು ಕೋಲ್ಕತ ಎಂದು ಆರಿಸಿ, ಬಳಕೆದಾರರ ಹೆಸರು ಹಾಗೂ ಗುಪ್ತಪದ ನೀಡಬೇಕು. ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ಅಳವಡಿಕೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ.

ಐದನೆಯ ಹಂತ: ಕೆಲಸಕ್ಕೆ ಅಣಿಗೊಳಿಸುವಿಕೆ

ಮೊದಲ ಬಾರಿ ಚಾಲೂ ಮಾಡಿದಾಗ ಸ್ವಾಗತ ಪರದೆಯಲ್ಲಿ ಮಾಡಬೇಕಾದ ಕೆಲಸಗಳ ಪಟ್ಟಿಯೇ ಇರುತ್ತದೆ. ಅವನ್ನು ಕ್ರಮವಾಗಿ ಮುಗಿಸಬೇಕು. ಅಪ್‌ಡೇಟ್ ಮ್ಯಾನೇಜರ್‌ನಿಂದ ಎಲ್ಲ ಪರಿಷ್ಕರಣೆಗಳನ್ನು ಪಡೆಯುವುದು. ಡ್ರೈವರ್ ಮ್ಯಾನೇಜರ್‌ನಿಂದ ವೈ-ಫೈ ಅಥವಾ ಗ್ರಾಫಿಕ್ಸ್ ಚಾಲಕಗಳನ್ನು ಸೇರಿಸುವುದು. ಫೈರ್‌ವಾಲ್ ಚಾಲನೆಗೊಳಿಸುವುದು ಇವು ಆರಂಭದ ಕರ್ತವ್ಯಗಳು.

ಟೈಮ್‌ಶಿಫ್ಟ್ ಎಂಬ ಸಾಧನವು ವ್ಯವಸ್ಥೆಯ ಸ್ಥಿತಿಯನ್ನು ನಿಯತವಾಗಿ ದಾಖಲಿಸಿಡುತ್ತದೆ. ಯಾವುದಾದರೂ ಪರಿಷ್ಕರಣೆಯಿಂದ ತೊಂದರೆಯಾದರೆ ಹಿಂದಿನ ದಿನದ ಸ್ಥಿತಿಗೆ ಮರಳಬಹುದು. ಆದರೆ ಅದು ಕಾಯುವುದು ವ್ಯವಸ್ಥೆಯನ್ನು ಮಾತ್ರ; ಪತ್ರ, ದರಪಟ್ಟಿ, ಸರಕಿನ ಪಟ್ಟಿಗಳನ್ನಲ್ಲ. ಅವುಗಳಿಗೆ ವಾರಕ್ಕೊಮ್ಮೆಯಾದರೂ ಹೊರಗಿನ ಡಿಸ್ಕಿಗೆ ಪ್ರತ್ಯೇಕ ಪ್ರತಿ ತೆಗೆಯಬೇಕು. ಒಂದು ಪ್ರತಿ ಅಂಗಡಿಯ ಹೊರಗೆ, ಮನೆಯಲ್ಲಿರಬೇಕು.

ಎರಡೂ ವ್ಯವಸ್ಥೆಗಳನ್ನು ಉಳಿಸಿಕೊಂಡವರಿಗೆ ಕೆಲವೊಮ್ಮೆ ವಿಂಡೋಸ್‌ನ ಗಡಿಯಾರ ಐದೂವರೆ ಗಂಟೆ ಹಿಂದೆ ಬಿದ್ದಂತೆ ಕಾಣಬಹುದು. ಯಂತ್ರದ ಒಳಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯವೆಂದೂ, ಲಿನಕ್ಸ್ ಅಂತರರಾಷ್ಟ್ರೀಯ ಸಮಯವೆಂದೂ ಗ್ರಹಿಸುವುದೇ ಇದಕ್ಕೆ ಕಾರಣ. ಒಳಗಡಿಯಾರವನ್ನು ಸ್ಥಳೀಯ ಸಮಯವೆಂದೇ ಪರಿಗಣಿಸುವಂತೆ ಲಿನಕ್ಸ್‌ಗೆ ಸೂಚಿಸಿದರೆ ಸಮಸ್ಯೆ ಬಗೆಹರಿಯುತ್ತದೆ. ಬಿಲ್ಲಿನ ಮೇಲೆ ತಪ್ಪು ವೇಳೆ, ಅಷ್ಟೇಕೆ ತಪ್ಪು ದಿನಾಂಕವೇ ಮುದ್ರಿತವಾಗುವ ಅಪಾಯವಿರುವುದರಿಂದ ಇದನ್ನು ಮೊದಲ ದಿನವೇ ಗಮನಿಸಬೇಕು.

ಕಚೇರಿ ಕೆಲಸಗಳಿಗೆ ಲಿಬ್ರೆಆಫೀಸ್ ಮಿಂಟ್‌ನೊಡನೆಯೇ ಬರುತ್ತದೆ. ವರ್ಡ್ ಹಾಗೂ ಎಕ್ಸೆಲ್ ಕಡತಗಳನ್ನು ಅದು ತೆರೆಯುತ್ತದೆ, ಅದೇ ರೂಪದಲ್ಲಿ ಉಳಿಸುತ್ತದೆ. ಟೈಮ್ಸ್ ನ್ಯೂ ರೋಮನ್ ಹಾಗೂ ಏರಿಯಲ್ ಅಕ್ಷರಗಳಿಗೆ ಬದಲಾಗಿ ಅದೇ ಅಗಲದ ಲಿಬರೇಶನ್ ಅಕ್ಷರಗಳು ಇರುವುದರಿಂದ ಪತ್ರದ ಸಾಲುಗಳು ಹೆಚ್ಚು ಸ್ಥಾನಪಲ್ಲಟವಾಗುವುದಿಲ್ಲ. ಸರಳ ಲೆಕ್ಕದ ಹಾಳೆಗಳಿಗೆ ತೊಂದರೆಯಿಲ್ಲ. ಮ್ಯಾಕ್ರೋಗಳಿರುವ ಎಕ್ಸೆಲ್ ಕಡತಗಳು ಮಾತ್ರ ಸರಿಯಾಗಿ ನಡೆಯುವ ಭರವಸೆಯಿಲ್ಲ. ಹೊರಗಿನವರಿಗೆ ಕಳುಹಿಸುವ ದರಪಟ್ಟಿಯನ್ನು ಪಿಡಿಎಫ್ ರೂಪದಲ್ಲಿ ಕಳುಹಿಸುವುದು ಉತ್ತಮ ಪದ್ಧತಿ.

ಕನ್ನಡದ ಬಳಕೆ

ಕೀಲಿಮಣೆ ವಿನ್ಯಾಸಗಳ ಪಟ್ಟಿಯಲ್ಲಿ ಭಾರತೀಯ ಭಾಷೆಗಳ ಅಡಿಯಲ್ಲಿ ಕನ್ನಡಕ್ಕೆ ಇನ್‌ಸ್ಕ್ರಿಪ್ಟ್ ವಿನ್ಯಾಸವೂ, ಕಗಪ ಎಂಬ ಧ್ವನ್ಯಾತ್ಮಕ ವಿನ್ಯಾಸವೂ ಲಭ್ಯವಿವೆ. ಕೆ. ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದು ಬಂದ ಈ ಕಗಪ ವಿನ್ಯಾಸವೇ ನುಡಿ ತಂತ್ರಾಂಶದಲ್ಲಿ ಕಲಿತವರ ಬೆರಳಿಗೆ ರೂಢಿಯಾದುದು. ಹೆಚ್ಚುವರಿ ತಂತ್ರಾಂಶವಿಲ್ಲದೆ ಅದನ್ನು ಸೇರಿಸಿಕೊಂಡು ಇಂಗ್ಲಿಷ್ ಹಾಗೂ ಕನ್ನಡಗಳ ನಡುವೆ ಬದಲಾಯಿಸಿಕೊಳ್ಳಬಹುದು. ಗುಬ್ಬಿ, ನವಿಲು, ಲೋಹಿತ್ ಹಾಗೂ ನೋಟೋ ಕನ್ನಡ ಅಕ್ಷರಶೈಲಿಗಳು ತಂತ್ರಾಂಶ ಭಂಡಾರದಲ್ಲಿ ಉಚಿತವಾಗಿ ದೊರೆಯುತ್ತವೆ. ರೂಪಾಯಿ ಚಿಹ್ನೆಯುಳ್ಳ ಭಾರತೀಯ ಇಂಗ್ಲಿಷ್ ವಿನ್ಯಾಸವನ್ನು ಆರಿಸಿಕೊಂಡರೆ ಬಲಗಡೆಯ ಆಲ್ಟ್ ಕೀಲಿಯೊಡನೆ 4ನ್ನು ಒತ್ತಿ ₹ ಚಿಹ್ನೆಯನ್ನು ಮೂಡಿಸಬಹುದು.

ಒಂದು ಎಚ್ಚರಿಕೆ ಅಗತ್ಯ. ಹಿಂದಿನ ವರ್ಷಗಳಲ್ಲಿ ನುಡಿ ಅಥವಾ ಬರಹದ ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಪತ್ರಗಳು ಯೂನಿಕೋಡ್‌ನಲ್ಲಿರುವುದಿಲ್ಲ. ಅವುಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಸಂಕೇತಗಳಾಗಿ ಶೇಖರವಾಗಿರುತ್ತವೆ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣಿಸುತ್ತದೆ. ಆದ್ದರಿಂದ ವಿಂಡೋಸ್ ಇರುವಾಗಲೇ ನುಡಿಯ ಪರಿವರ್ತಕದಿಂದ ಮುಖ್ಯ ಪತ್ರಗಳನ್ನು ಯೂನಿಕೋಡ್‌ಗೆ ಬದಲಾಯಿಸಿಟ್ಟುಕೊಳ್ಳಬೇಕು. ಬಾಡಿಗೆ ಕರಾರು, ಪಾಲುದಾರಿಕೆ ಪತ್ರಗಳಂತಹ ದಾಖಲೆಗಳನ್ನು ಪಿಡಿಎಫ್ ಆಗಿಯೂ ಉಳಿಸುವುದು ಕ್ಷೇಮ.

ಲೆಕ್ಕಪತ್ರ ಹಾಗೂ ತೆರಿಗೆ

ಜಿಎಸ್‌ಟಿ, ಆದಾಯ ತೆರಿಗೆ ಹಾಗೂ ಬ್ಯಾಂಕುಗಳ ತಾಣಗಳನ್ನು ಲಿನಕ್ಸ್‌ನಲ್ಲಿರುವ ಫೈರ್‌ಫಾಕ್ಸ್ ಅಥವಾ ಕ್ರೋಮ್ ಬ್ರೌಸರಿನಲ್ಲಿ ತೆರೆಯಬಹುದು. ಏಕವ್ಯಕ್ತಿ ಮಾಲೀಕತ್ವದ ಹಾಗೂ ಪಾಲುದಾರಿಕೆಯ ಸಂಸ್ಥೆಗಳು ಮೊಬೈಲಿಗೆ ಬರುವ ಒಟಿಪಿಯ ಮೂಲಕ ಜಿಎಸ್‌ಟಿ ರಿಟರ್ನನ್ನು ದೃಢೀಕರಿಸಬಹುದಾದ್ದರಿಂದ ಅವರಿಗೆ ತೊಡಕಿಲ್ಲ. ಕಂಪನಿಗಳು ಹಾಗೂ ಎಲ್‌ಎಲ್‌ಪಿಗಳು ಡಿಜಿಟಲ್ ಸಹಿ ಬಳಸಬೇಕು. ಟೋಕನ್ನಿನ ಚಾಲಕ ಹಾಗೂ ಸಹಿ ತಂತ್ರಾಂಶ ಎರಡೂ ಲಿನಕ್ಸ್‌ನಲ್ಲಿ ಹೊಂದಿಕೊಳ್ಳಬೇಕಾದ್ದರಿಂದ, ಈ ಕೆಲಸವನ್ನು ಉಳಿಸಿಕೊಂಡ ವಿಂಡೋಸ್ ಯಂತ್ರದಲ್ಲೇ ಮಾಡುವುದು ಸರಿ. ರಿಟರ್ನ್ ಸಿದ್ಧಪಡಿಸುವ, ಮ್ಯಾಕ್ರೋ ಆಧಾರಿತ ಎಕ್ಸೆಲ್ ಕಡತಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಉಗ್ರಾಣದವರು ಅಥವಾ ಮಾಲೀಕರು ತಮ್ಮ ಲಿನಕ್ಸ್ ಯಂತ್ರದಿಂದ ಲೆಕ್ಕಪತ್ರ ನೋಡಬೇಕಾದಲ್ಲಿ, ರೆಮಿನಾ ಎಂಬ ತಂತ್ರಾಂಶದ ಮೂಲಕ ಕಚೇರಿಯ ಜಾಲದೊಳಗೇ ವಿಂಡೋಸ್ ಯಂತ್ರದ ಪರದೆಯನ್ನು ತೆರೆಯಬಹುದು. ಇದಕ್ಕೆ ಆ ಯಂತ್ರದಲ್ಲಿ ವಿಂಡೋಸ್‌ನ ಪ್ರೊ ಆವೃತ್ತಿ ಇರಬೇಕು. ಹೋಮ್ ಆವೃತ್ತಿಯಲ್ಲಿ ಈ ಸೌಲಭ್ಯವಿಲ್ಲ. ಅಲ್ಲದೆ ಒಬ್ಬರು ಹೊರಗಿನಿಂದ ಬಳಸುವಾಗ ಎದುರಿಗೆ ಕುಳಿತವರು ಬಳಸಲಾಗದು.

ಟ್ಯಾಲಿಯ ಮೇಲೆ ಅವಲಂಬಿತರಲ್ಲದವರಿಗೆ ಬೇರೆ ದಾರಿಗಳೂ ಇವೆ. ಗ್ನೂಕ್ಯಾಶ್ ಜಮಾ-ಖರ್ಚು ಪದ್ಧತಿಯ ಸರಳ ಲೆಕ್ಕಕ್ಕೆ ಸಾಕಾಗುತ್ತದೆ. ಮುಂಬಯಿಯಲ್ಲಿ ರೂಪುಗೊಂಡ ಇಆರ್‌ಪಿನೆಕ್ಸ್ಟ್ ಎಂಬ ಮುಕ್ತ ತಂತ್ರಾಂಶದಲ್ಲಿ ಲೆಕ್ಕ, ದಾಸ್ತಾನು ಹಾಗೂ ತಯಾರಿಕೆಯ ವಿಭಾಗಗಳಿದ್ದು, ಬ್ರೌಸರಿನಿಂದಲೇ ನಡೆಯುತ್ತದೆ. ಆದರೆ ಕಂಪನಿಗಳು ಒಂದನ್ನು ನೆನಪಿಡಬೇಕು: 2023ರ ಏಪ್ರಿಲ್ 1ರಿಂದ, ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕಸಹಿತ ದಾಖಲಿಸುವ, ಆ ದಾಖಲೆಯನ್ನು ನಿಲ್ಲಿಸಲು ಸಾಧ್ಯವಿಲ್ಲದ ಲೆಕ್ಕಪತ್ರ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮ ಜಾರಿಯಲ್ಲಿದೆ. ತಂತ್ರಾಂಶ ಬದಲಾಯಿಸುವ ಮುನ್ನ ಲೆಕ್ಕ ಪರಿಶೋಧಕರ ಸಲಹೆ ಪಡೆಯುವುದು ಅನಿವಾರ್ಯ.

ವೆಚ್ಚದ ವಿಚಾರ

ಲಿನಕ್ಸ್‌ಗೆ ಪರವಾನಗಿ ಶುಲ್ಕವಿಲ್ಲ ಎಂದಾಕ್ಷಣ ವೆಚ್ಚವೇ ಇಲ್ಲವೆಂದು ತಿಳಿಯಬಾರದು. ಎಸ್‌ಎಸ್‌ಡಿಯ ಬೆಲೆ, ತಂತ್ರಜ್ಞರ ಕೂಲಿ, ಸಿಬ್ಬಂದಿ ಹೊಸ ರೀತಿಗೆ ಒಗ್ಗುವವರೆಗಿನ ಒಂದೆರಡು ವಾರಗಳ ನಿಧಾನಗತಿ ಇವೆಲ್ಲ ವೆಚ್ಚಗಳೇ. ಹೊಸ ಲ್ಯಾಪ್‌ಟಾಪಿನ ಬೆಲೆಯೊಡನೆ ಇವನ್ನು ತೂಗಿ ನೋಡಿ ತೀರ್ಮಾನಿಸಬೇಕು. ಊರಿನಲ್ಲಿ ಲಿನಕ್ಸ್ ಬಲ್ಲ ತಂತ್ರಜ್ಞರು ಇದ್ದಾರೆಯೇ ಎಂಬುದನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು. ಲಿನಕ್ಸ್‌ನಲ್ಲಿ ವೈರಸ್ ಬಾಧೆ ಕಡಿಮೆಯೆಂಬುದು ನಿಜವಾದರೂ, ಸುಳ್ಳು ಇ-ಮೇಲ್ ನಂಬಿ ಬ್ಯಾಂಕಿನ ಗುಪ್ತಪದ ಕೊಟ್ಟವರನ್ನು ಯಾವ ಕಾರ್ಯಾಚರಣಾ ವ್ಯವಸ್ಥೆಯೂ ಕಾಪಾಡಲಾರದು.

ನೆನಪಿಡಬೇಕಾದ ಅಂಶಗಳು

• ಎಲ್ಲ ಯಂತ್ರಗಳನ್ನು ಒಮ್ಮೆಲೇ ಬದಲಾಯಿಸಬಾರದು. ಕಡಿಮೆ ಜವಾಬ್ದಾರಿಯ ಒಂದು ಯಂತ್ರದಿಂದ ಆರಂಭಿಸಬೇಕು.

• ಪ್ರತಿ ತೆಗೆದು, ಆ ಪ್ರತಿಯನ್ನು ಬೇರೆ ಗಣಕದಲ್ಲಿ ತೆರೆದು ನೋಡಿದ ನಂತರವೇ ಡಿಸ್ಕನ್ನು ಮುಟ್ಟಬೇಕು.

• ಪೆನ್‌ಡ್ರೈವಿನಿಂದ ನಡೆಸಿ ವೈ-ಫೈ ಹಾಗೂ ಮುದ್ರಕವನ್ನು ಪರೀಕ್ಷಿಸಬೇಕು.

• ಹಳೆಯ ಕನ್ನಡ ಪತ್ರಗಳನ್ನು ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಬೇಕು.

• ಟ್ಯಾಲಿ ಹಾಗೂ ಡಿಜಿಟಲ್ ಸಹಿಗೆ ಬೆಂಬಲವಿರುವ ವಿಂಡೋಸ್ ಯಂತ್ರವೊಂದನ್ನು ಉಳಿಸಿಕೊಳ್ಳಬೇಕು.

• ಗುಪ್ತಪದ ಹಾಗೂ ಗೂಢಪದಗಳನ್ನು ಸಂಸ್ಥೆಯ ತಿಜೋರಿಯಲ್ಲಿ ಇಡಬೇಕು. ಒಬ್ಬ ನೌಕರನ ನೆನಪಿನಲ್ಲಿ ಮಾತ್ರ ಬಿಡಬಾರದು.

ಉಗ್ರಾಣದ ಯಂತ್ರ ಮೂರು ತಿಂಗಳು ಸುಸೂತ್ರವಾಗಿ ನಡೆದ ಮೇಲೆ ಮಾಲೀಕರ ಯಂತ್ರದ ಸರದಿ ಬರಲಿ. ಬದಲಾವಣೆ ನಿಧಾನವಾದರೂ ಲೆಕ್ಕ ತಪ್ಪಬಾರದು ಎಂಬುದು ವ್ಯಾಪಾರದ ಹಳೆಯ ನಿಯಮ. ಗಣಕಯಂತ್ರದ ವಿಷಯದಲ್ಲೂ ಅದೇ ನಿಯಮ ಅನ್ವಯಿಸುತ್ತದೆ.